ಎದೆಯೊಳಗಿನ ಎನ್‌ಆರ್‌ವಿ: ಎಕೋ ಟೆಸ್ಟ್ ಬಗ್ಗೆ ನಾಲ್ಕು ಮಾತು

(ನಮ್ಮ ವೇದಿಕೆಯ ಶುಕ್ರವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಡಾಕ್ಟರ್ ಅಲ್ಲ. ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿ, ಸರ್ಟಿಫಿಕೇಟ್ ಹಿಡಿದು ಜುಬೈಲ್‌ಗೆ ಬಂದವನು. ಹೃದಯದ ವಿಷಯ ಇವನಿಗೇಕೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ರೂಮಿನ ಒಬ್ಬ ಅಣ್ಣ. ಹೆಸರು ಬೇಡ, ಗದಗ ಕಡೆಯವರು.

ಕೇಬಲ್ ಟ್ರೇ ಕೆಲಸಕ್ಕೆ ಏಣಿ ಹತ್ತಿದರೆ ಅವರಿಗೆ ಏದುಸಿರು ಬರುತ್ತಿತ್ತು. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಿದ್ದರು. "ಗ್ಯಾಸ್ಟ್ರಿಕ್ ಇರಬೇಕು ಅಣ್ಣ, ಸೋಡಾ ಕುಡೀರಿ" ಅಂದವನು ನಾನೇ. ಒಂದು ಕ್ಲಿನಿಕ್‌ನಲ್ಲಿ ಈಸಿಜಿ ತೆಗೆದರು. "ತಮ್ಮಾ, ಈಸಿಜಿ ಸರಿ ಐತಂತ, ಇನ್ನೇನೂ ಚಿಂತಿಲ್ಲ" ಅಂತ ನಕ್ಕೊಂಡು ಬಂದರು. ಅಲ್ಲಿಂದ ಐದು ತಿಂಗಳು ಕಳೆದವು. ಇನ್ನೊಂದು ಟೆಸ್ಟ್ ಮಾಡಿಸಿದರೆ ಇಕಾಮಾ ಹೋಗುತ್ತೆ ಅನ್ನೋ ಭಯವೂ ಇತ್ತು. ಕೊನೆಗೆ ಒಬ್ಬ ಡಾಕ್ಟರ್ ಸ್ಟೆಥಸ್ಕೋಪ್ ಇಟ್ಟು, ಸದ್ದು ಕೇಳಿ, ಎಕೋಗೆ ಬರೆದರು. ಹೃದಯದ ಒಂದು ವಾಲ್ವ್ ಕಿರಿದಾಗಿದ್ದು ಆಗ ಗೊತ್ತಾಯಿತು.

ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಪಂಪ್ ಓಡುತ್ತಿಲ್ಲ ಅಂದರೆ ನಾವು ಮೊದಲು ವೈರಿಂಗ್, ಸ್ಟಾರ್ಟರ್ ನೋಡುತ್ತೇವೆ. ಈಸಿಜಿ ಮಾಡುವುದು ಆ ಕೆಲಸ, ಹೃದಯದ ಕರೆಂಟ್ ನೋಡುತ್ತೆ. ಆದರೆ ಪಂಪಿನ ಮುಂದಿನ ಎನ್‌ಆರ್‌ವಿ ಜಾಮ್ ಆಗಿದ್ದರೆ ಟೆಸ್ಟರ್ ಹಿಡಿದರೆ ತಿಳಿಯುತ್ತಾ? ಹೃದಯದಲ್ಲಿ ನಾಲ್ಕು ಕೋಣೆ, ನಾಲ್ಕು ವಾಲ್ವ್. ನಾಲ್ಕೂ ನಮ್ಮ ಎನ್‌ಆರ್‌ವಿ ತರಹವೇ: ರಕ್ತ ಮುಂದಕ್ಕೆ ಬಿಡಬೇಕು, ಹಿಂದಕ್ಕೆ ಬಿಡಬಾರದು. ಎರಡೇ ಥರದ ಫಾಲ್ಟ್. ಒಂದು, ಸರಿಯಾಗಿ ತೆರೆಯಲ್ಲ. ಇನ್ನೊಂದು, ಸರಿಯಾಗಿ ಮುಚ್ಚಲ್ಲ, ಲೀಕ್. ಕೆಲವರಿಗೆ ಎರಡೂ ಇರುತ್ತೆ.

ಅಣ್ಣನದು ಮೈಟ್ರಲ್ ವಾಲ್ವ್. ಶ್ವಾಸಕೋಶದಿಂದ ಬಂದ ರಕ್ತ ದಾಟುವ ಬಾಗಿಲು ಅದು. ದೊಡ್ಡವರಲ್ಲಿ ಅದರ ದಾರಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕು. 1.5 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಅನ್ನುತ್ತಾರೆ. ಬಾಗಿಲು ಕಿರಿದಾದರೆ ಒತ್ತಡ ಹಿಂದೆ ಶ್ವಾಸಕೋಶಕ್ಕೆ ಏರುತ್ತೆ. ಕುಳಿತಾಗ ಹೇಗೋ ನಡೆಯುತ್ತೆ. ಏಣಿ ಹತ್ತಿದಾಗ ಹೃದಯ ಜೋರಾಗಿ ಬಡಿಯುತ್ತೆ, ರಕ್ತ ದಾಟಲು ಸಿಗುವ ಹೊತ್ತು ಕಡಿಮೆ ಆಗುತ್ತೆ, ಆಗ ಉಸಿರು ಕಟ್ಟುತ್ತೆ.

ಎಕೋ ಹೇಗೆ ನೋಡುತ್ತೆ? ನಮ್ಮ ಸೈಟಿನಲ್ಲಿ ಪೈಪ್ ವೆಲ್ಡಿಂಗ್‌ಗೆ ಯುಟಿ ಮಾಡುವುದನ್ನು ಎಲ್ಲರೂ ನೋಡಿದ್ದೀರಿ. ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಶಬ್ದ ಕಳಿಸಿ, ವಾಪಸ್ ಬಂದ ಪ್ರತಿಧ್ವನಿಯಲ್ಲಿ ಬಿರುಕು ಹುಡುಕುತ್ತಾರೆ. ಎಕೋ ಅಂದರೆ ಅದೇ. ಇದು ಹೋಲಿಕೆ ಮಾತ್ರ ಅಲ್ಲ, ಚರಿತ್ರೆಯೂ ಹೌದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ಹೃದಯದ ಡಾಕ್ಟರ್ ಇದ್ದರು. ಮೈಟ್ರಲ್ ವಾಲ್ವ್ ಕಿರಿದಾಗಿದೆಯೋ ಲೀಕ್ ಆಗುತ್ತಿದೆಯೋ ಅಂತ ಆಪರೇಷನ್‌ಗೆ ಮುಂಚೆ ತಿಳಿಯುವುದು ಅವರಿಗೆ ಬೇಕಿತ್ತು. ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಜೊತೆಯಾದರು. ಮಾಲ್ಮೋ ಊರಿನ ಹಡಗುಕಟ್ಟೆಯಲ್ಲಿ ಲೋಹ ಪರೀಕ್ಷಿಸುವ ಯಂತ್ರವನ್ನು ಎರವಲು ತಂದು ಎದೆಗೆ ಹಿಡಿದು ನೋಡಿದರು. ಎಕೋ ಶುರುವಾಗಿದ್ದು ಹೀಗೆ. ಈ ಹರ್ಟ್ಸ್ ಯಾರು ಗೊತ್ತಾ? ಊರಲ್ಲಿ 50, ಇಲ್ಲಿ ಸೌದಿಯಲ್ಲಿ 60 ಅಂತ ನಾವು ದಿನಾ ಹೇಳುವ ಹರ್ಟ್ಸ್ ಇದೆಯಲ್ಲ, ಆ ಹೈನ್ರಿಖ್ ಹರ್ಟ್ಸ್ ಅವರ ಅಣ್ಣ-ತಮ್ಮಂದಿರ ಪೈಕಿಯ ಮೊಮ್ಮಗ.

ಪ್ರೋಬಿನೊಳಗೆ ಇರುವುದು ಪೀಜೋ. ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ ಅಂದರೆ ಕಿಡಿ ಬರುತ್ತಲ್ಲ, ಅದೇ ಗುಣ: ಒತ್ತಿದರೆ ವೋಲ್ಟೇಜ್, ವೋಲ್ಟೇಜ್ ಕೊಟ್ಟರೆ ಕಂಪನ. ದೊಡ್ಡವರ ಎಕೋಗೆ ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನ. ಎಕ್ಸ್‌ರೇ ಥರ ವಿಕಿರಣ ಇಲ್ಲ, ಸೂಜಿ ಇಲ್ಲ. ಎಡಮಗ್ಗುಲು ಮಲಗಿಸಿ ಎದೆ ಮೇಲೆ ಜೆಲ್ ಹಚ್ಚುತ್ತಾರೆ, ಅಷ್ಟೇ.

ಡಾಪ್ಲರ್ ಅಂದರೆ ರಕ್ತದ ವೇಗ ಅಳೆಯುವುದು. ರೈಲು ಹತ್ತಿರ ಬರುವಾಗ ಒಂದು ಸ್ವರ, ದೂರ ಹೋಗುವಾಗ ಇನ್ನೊಂದು ಸ್ವರ, ಆ ಲೆಕ್ಕ. ಪರದೆಯಲ್ಲಿ ಕೆಂಪು, ನೀಲಿ ಕಂಡು ಹೆದರಬೇಡಿ. ಕೆಂಪು ಒಳ್ಳೆ ರಕ್ತ, ನೀಲಿ ಕೆಟ್ಟ ರಕ್ತ ಅಂತಲ್ಲ. ಸಾಮಾನ್ಯವಾಗಿ ಪ್ರೋಬ್ ಕಡೆ ಬರುವುದು ಕೆಂಪು, ದೂರ ಹೋಗುವುದು ನೀಲಿ. ವೇಗದಿಂದ ಒತ್ತಡ ತೆಗೆಯುತ್ತಾರೆ: ವೇಗದ ವರ್ಗ ಗುಣಿಸು ನಾಲ್ಕು. 2 ಮೀಟರ್ ವೇಗಕ್ಕೆ 16, 4 ಮೀಟರ್‌ಗೆ 64. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು, ಅದೇ ಜಾತಿಯ ಲೆಕ್ಕ.

ಅಣ್ಣನಿಗೆ ಇದು ಬಂದದ್ದು ಎಲ್ಲಿಂದ? ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಆಮೇಲೆ ಮಂಡಿ, ಹಿಮ್ಮಡಿ ಗಂಟು ಊತ. ಅದು ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಯಿತು, ವಾಲ್ವಿನ ಮೇಲೆ ಗಾಯದ ಗುರುತು ಉಳಿಯಿತು. ನಮ್ಮ ದೇಶದಲ್ಲಿ ಇದು ಇನ್ನೂ ಇದೆ. ಊರಲ್ಲಿರುವ ಮಕ್ಕಳಿಗೆ ಗಂಟಲು ನೋವು, ಜ್ವರ ಬಂದರೆ ಡಾಕ್ಟರಿಗೆ ತೋರಿಸಲು ಫೋನಿನಲ್ಲೇ ಹೇಳಿ. ಬರೆದುಕೊಟ್ಟ ಮಾತ್ರೆ ಅರ್ಧಕ್ಕೆ ಬಿಡಬಾರದು.

ಅಣ್ಣ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋದರು. ಅಲ್ಲಿ ಅನ್ನನಾಳದೊಳಗೆ ಪ್ರೋಬ್ ಇಳಿಸಿ ಇನ್ನೊಂದು ಎಕೋ ಮಾಡಿದರು. ಹೃದಯದ ಹಿಂಬದಿ ಅಲ್ಲಿಂದ ಚೆನ್ನಾಗಿ ಕಾಣುತ್ತೆ. ರಕ್ತ ಹೆಪ್ಪುಗಟ್ಟಿಲ್ಲ, ಲೀಕ್ ಹೆಚ್ಚಿಲ್ಲ, ವಾಲ್ವ್ ಇನ್ನೂ ಮೆತ್ತಗಿದೆ ಅಂತ ಗೊತ್ತಾದ ಮೇಲೆ, ತೊಡೆಸಂದಿನ ರಕ್ತನಾಳದಿಂದ ಬಲೂನ್ ಹಾಕಿ ವಾಲ್ವ್ ಅಗಲ ಮಾಡಿದರು. ಎದೆ ಕೊಯ್ಯಲಿಲ್ಲ. ತಡವಾಗಿ ವಾಲ್ವ್ ಸುಣ್ಣಗಟ್ಟಿದ್ದರೆ ಬಲೂನ್ ಆಗುತ್ತಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಅವರ ಇಲ್ಲಿನ ಕೆಲಸ ಹೋಯಿತು. ಅವರ ಭಯ ಸುಳ್ಳಾಗಿರಲಿಲ್ಲ. ಈಗ ಊರಲ್ಲಿ ಮೋಟಾರ್ ರಿಪೇರಿ ಮಾಡುತ್ತಾರೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಮೊನ್ನೆ ಫೋನಿನಲ್ಲಿ, "ತಮ್ಮಾ, ಕೆಲಸ ಹೋತು, ನಾ ಅದೀನಿ. ಹುಡುಗರಿಗೆ ಹೇಳು" ಅಂದರು. ಅದಕ್ಕೇ ಇಲ್ಲಿ ನಿಂತಿದ್ದೇನೆ.

ಏಣಿ ಹತ್ತಿದರೆ ಹೊಸದಾಗಿ ಉಸಿರು ಕಟ್ಟಿದರೆ, ಕಾಲು ಊದಿದರೆ, ತಲೆ ಸುತ್ತಿ ಬಿದ್ದರೆ, ಎದೆ ಡವಡವ ಹೊಡೆದುಕೊಂಡರೆ ಡಾಕ್ಟರಿಗೆ ಹೇಳಿ. ಚಿಕ್ಕಂದಿನ ಕೀಲು ಊತದ ಸಂಗತಿಯನ್ನೂ ಹೇಳಿ. ಎಕೋ ಬೇಕಾ ಅಂತ ಕೇಳಿ. ರಿಪೋರ್ಟ್‌ನಲ್ಲಿ ಸ್ವಲ್ಪ ಲೀಕ್ ಅಂತ ಇದ್ದರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಅದು ಕಾಣುತ್ತೆ, ಡಾಕ್ಟರೇ ನಿರ್ಧರಿಸಲಿ. ಹಳೆ ರಿಪೋರ್ಟ್ ಎಸೆಯಬೇಡಿ. ಮುಂದಿನ ಸಲ ಹೋಲಿಸಲು ಅದೇ ಬೇಕು.

ಮತ್ತೆ ರೂಮ್‌ಮೇಟ್ ಉಸಿರು ಕಟ್ಟುತ್ತೆ ಅಂದರೆ, ನನ್ನ ಹಾಗೆ ಸೋಡಾ ಕುಡಿ ಅನ್ನಬೇಡಿ. ಜೊತೆಗೆ ಹೋಗಿ.