ಮನೆಯ ಹೊಸ್ತಿಲಿನಿಂದ ಶಾಲೆಯ ಗೇಟಿನವರೆಗೆ

(ಮಚ್ಛೆಯಲ್ಲಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬುದ್ಧಿಯಲ್ಲಿ ಏರುಪೇರಿದ್ದ ಸ್ತ್ರೀಯೊಬ್ಬಳು ಪ್ರವಾದಿ(ಸ)ರ ಬಳಿಗೆ ಬಂದು, ತನಗೆ ತಮ್ಮಿಂದ ಒಂದು ಕೆಲಸವಾಗಬೇಕೆಂದು ಹೇಳಿದ ಘಟನೆಯು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಯಾವ ಬೀದಿಯಲ್ಲಿ ಮಾತನಾಡಬೇಕೆಂಬ ಆಯ್ಕೆಯನ್ನು ಅವರು ಆಕೆಗೇ ಬಿಟ್ಟರು. ಆಕೆಯ ಅಗತ್ಯ ಪೂರೈಸುವವರೆಗೂ ದಾರಿಯ ಬದಿಯಲ್ಲಿ ಆಕೆಯೊಂದಿಗಿದ್ದರು. ಅನುಕೂಲವು ಯಾರದಾಗಿರಬೇಕೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರ ಬಗ್ಗೆ ನಮ್ಮ ಖುತ್ಬಾಗಳಲ್ಲಿ ಆಗಾಗ ಕೇಳುತ್ತೇವೆ. ಕುರುಡು ಕಣ್ಣಿಗೆ ಕಾಣುವ ಕೊರತೆ. ಆಟಿಸಂ (ಸ್ವಲೀನತೆ) ಹಾಗಲ್ಲ. ಖಾನಾಪುರ ರಸ್ತೆಯ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಚೀರುವ ಎಂಟು ವರ್ಷದ ಹುಡುಗನನ್ನು ಕಂಡಾಗ, ತಾಯಿ ಮಗನನ್ನು ಸರಿಯಾಗಿ ಬೆಳೆಸಿಲ್ಲವೆಂದೇ ಸಹಪ್ರಯಾಣಿಕರು ತೀರ್ಮಾನಿಸುತ್ತಾರೆ. ಇದು ಮೆದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಸಾಕಿದ ರೀತಿಯ ತಪ್ಪಲ್ಲ, ಜಿನ್ನ್ ಬಾಧೆಯಂತೂ ಅಲ್ಲ. ತಾಯತಕ್ಕಾಗಿ ನೂರಾರು ಕಿಲೋಮೀಟರ್ ಕಾರು ಗೊತ್ತು ಮಾಡಿಕೊಂಡು ಹೋಗುವ ಕುಟುಂಬಗಳು ಶಾಲೆಯ ಆಟೋ ಬಾಡಿಗೆಯನ್ನು ದುಬಾರಿಯೆನ್ನುವುದು ನಮ್ಮ ಸಮುದಾಯದ ದುರಂತ.

ಇಂತಹ ಹಲವು ಮಕ್ಕಳಿಗೆ ಅದೇ ಮುಖ, ಅದೇ ಸೀಟು, ಅದೇ ಸಮಯವೇ ಆಧಾರ. ಮಚ್ಛೆಯಿಂದ ಪೀರನವಾಡಿ, ಉದ್ಯಮಬಾಗ ದಾಟಿ ಟಿಳಕವಾಡಿಯ ಕಡೆಗೆ ಹೋಗುವ ದಾರಿಯನ್ನು ಮಗು ತಿರುವು ತಿರುವಾಗಿ ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಒಂದು ದಿನ ಚಾಲಕನು ತನ್ನ ಬದಲು ತಮ್ಮನನ್ನು ಕಳುಹಿಸುತ್ತಾನೆ. ಇನ್ನೊಂದು ದಿನ ಬೇರೆ ಬಾಡಿಗೆ ಸಿಕ್ಕಿತೆಂದು ಇಪ್ಪತ್ತು ನಿಮಿಷ ತಡವಾಗಿ ಬರುತ್ತಾನೆ. ನಮಗದು ಕಿರಿಕಿರಿ ಮಾತ್ರ. ಆ ಮಗುವಿಗೆ ಅಂದಿನ ಇಡೀ ದಿನವೇ ಕೈತಪ್ಪಿ ಹೋಗುತ್ತದೆ. ಗಾಬರಿಯಲ್ಲಿ ಚಲಿಸುವ ವಾಹನದಿಂದ ಇಳಿದು ಓಡಲು ಯತ್ನಿಸಿದರೆ ಪ್ರಾಣಕ್ಕೇ ಅಪಾಯ. ಹೀಗೆ ಎರಡು ಮೂರು ಸಲ ಆದರೆ ಶಾಲೆಯವರು ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಿರೆನ್ನುತ್ತಾರೆ. ತೀವ್ರ ನ್ಯೂನತೆಯುಳ್ಳ ಮಕ್ಕಳಿಗಾಗಿ ರೂಪಿಸಿದ ಗೃಹಾಧಾರಿತ ಶಿಕ್ಷಣವು, ವಾಹನವಿಲ್ಲವೆಂಬ ಒಂದೇ ಕಾರಣಕ್ಕೆ ಉಳಿದ ಮಕ್ಕಳ ಪಾಲಿಗೂ ಬರುವುದು ಹೀಗೆ.

ಕಾನೂನು ಏನೆನ್ನುತ್ತದೆ? 1995ರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯು ಅದನ್ನು ಗುರುತಿಸಿತು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ 2016, 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಈ ಮಕ್ಕಳಿಗೆ ಸಾರಿಗೆ ಸೌಲಭ್ಯ ಒದಗಿಸಬೇಕೆಂದೂ, ಹೆಚ್ಚಿನ ನೆರವು ಬೇಕಾದ ಮಗುವಿನೊಂದಿಗೆ ಹೋಗುವ ಸಹಾಯಕರಿಗೂ ಅದು ಸಲ್ಲಬೇಕೆಂದೂ ಅದರ 16ನೇ ಕಲಮು ಹೇಳುತ್ತದೆ. ಇದನ್ನು ನೋಡಿಕೊಳ್ಳುವ ಹೊಣೆ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮೇಲಿದೆ.

ಇಲ್ಲಿ ನಮ್ಮವರೊಂದಿಗೂ ಸ್ವಲ್ಪ ಕಠಿಣವಾಗಿ ಮಾತನಾಡಬೇಕಾಗಿದೆ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಸುಪ್ರೀಂ ಕೋರ್ಟು 2014ರಲ್ಲಿ ಹೊರಗಿರಿಸಿತು. ಆ ತೀರ್ಪಿನ ನೆರಳಿನಲ್ಲಿ ಈ ಹೊಣೆಯೂ ತಪ್ಪಿತೆಂದು ಭಾವಿಸುವ ಆಡಳಿತ ಮಂಡಳಿಗಳು ಆ 16ನೇ ಕಲಮನ್ನು ಓದಲಿ. ಅದರಲ್ಲಿ ಅಲ್ಪಸಂಖ್ಯಾತರೆಂಬ ವಿನಾಯಿತಿಯೇ ಇಲ್ಲ. ಸಮುದಾಯದ ದೇಣಿಗೆಯಿಂದ ಕೊಂಡ ಹಳದಿ ಬಸ್ಸುಗಳು ಈ ಮಕ್ಕಳ ಮನೆಯ ಮುಂದೆ ನಿಲ್ಲದೆ ಹೋಗುವುದು ಯಾವ ನ್ಯಾಯ?

ಸರಕಾರದ ಪಾಲನ್ನೂ ನೋಡೋಣ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕ ಹಾಕಿತು. ಸಾಧನ ಸಲಕರಣೆ, ಕಲಿಕಾ ಸಾಮಗ್ರಿ, ಸಾರಿಗೆ ಎಲ್ಲವೂ ಇದರೊಳಗೇ. ಶಾಲೆ 220 ದಿನ ನಡೆದರೆ ದಿನಕ್ಕೆ ಹದಿನಾರು ರೂಪಾಯಿಯೂ ಆಗುವುದಿಲ್ಲ. ಭತ್ಯೆ ಖಾತೆಗೆ ಬಂದ ಮಾತ್ರಕ್ಕೆ ಬೆಳಿಗ್ಗೆ ಎಂಟಕ್ಕೆ ಬಾಗಿಲಿಗೆ ವಾಹನ ಬರುವುದಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ತಾಯಂದಿರ ಟಿಕೆಟ್ ಖರ್ಚು ಉಳಿಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ತುಂಬಿ ತುಳುಕುವ ಬಸ್ಸು ಗದ್ದಲ ಸಹಿಸಲಾಗದ ಮಗುವಿಗೆ ಒದಗುವುದಿಲ್ಲ. ತಾಯಿ ದಿನವೂ ಎರಡು ಸಲ ಹೋಗಿ ಬರುವುದಾದರೆ ಆಕೆಯ ಹೊಲಿಗೆಯ ಕೆಲಸ, ಉಳಿದ ಮಕ್ಕಳ ಊಟ ಯಾರ ಪಾಲು?

ಆದ್ದರಿಂದ ಎರಡೂ ಕಡೆಯಿಂದ ಕೆಲಸವಾಗಬೇಕು. ಪಾಲಕರು ಒಬ್ಬೊಬ್ಬರಾಗಿ ಅಂಗಲಾಚದೆ, ಮಕ್ಕಳ ವೈಕಲ್ಯ ಪ್ರಮಾಣಪತ್ರದ ಪ್ರತಿಗಳೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಟ್ಟಾಗಿ ಲಿಖಿತ ಅರ್ಜಿ ಸಲ್ಲಿಸಲಿ, 16ನೇ ಕಲಮನ್ನು ಹೆಸರಿಸಲಿ, ಸ್ವೀಕೃತಿ ಪಡೆಯಲಿ. ಉತ್ತರ ಬಾರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ನೀಡುವ ದಾರಿಯಿದೆ. ಅರ್ಜಿಯಲ್ಲಿ ಮುಸ್ಲಿಮ್ ಮಕ್ಕಳ ಹೆಸರು ಮಾತ್ರ ಇರುವುದು ಬೇಡ. ನೆರೆಯ ಮರಾಠಿ ಮನೆಯ, ಕನ್ನಡ ಮನೆಯ ಮಗುವೂ ಅದೇ ವಾಹನಕ್ಕಾಗಿ ಕಾಯುತ್ತಿದೆ.

ಅಲ್ಲಿಯವರೆಗೆ ಜಮಾಅತ್‌ಗಳು ಸುಮ್ಮನಿರಬೇಕಾಗಿಲ್ಲ. ಝಕಾತ್‌ನಿಂದ ವ್ಯಾನ್ ಕೊಳ್ಳಬಹುದೇ ಎಂಬ ಚರ್ಚೆ ಏಳುತ್ತದೆ. ಝಕಾತ್ ಅರ್ಹ ವ್ಯಕ್ತಿಯ ಒಡೆತನಕ್ಕೆ ಸೇರಬೇಕೆಂಬುದು ಹನಫೀ ವಿದ್ವಾಂಸರ ನಿಲುವು. ಹಾಗಿದ್ದರೆ ವಾಹನಕ್ಕೆ ಸದಕಾ ಮತ್ತು ದೇಣಿಗೆ ಬಳಸಿ, ಬಡ ಕುಟುಂಬದ ಕೈಗೆ ಝಕಾತ್ ನೀಡಿ ಬಾಡಿಗೆ ಕಟ್ಟಲು ನೆರವಾಗಬಹುದು. ಹೊಸ ವಾಹನವೇ ಬೇಕೆಂದೂ ಇಲ್ಲ. ಒಬ್ಬ ನಂಬಿಗಸ್ತ ಚಾಲಕ, ಜೊತೆಗೆ ಒಬ್ಬ ಸಹಾಯಕಿ, ತಿಂಗಳ ಸಂಬಳ ನಿಗದಿ. ಬೇರೆ ಬಾಡಿಗೆಯ ಆಸೆಗೆ ಆತ ಮಗುವನ್ನು ಕಾಯಿಸದಿರಬೇಕಾದರೆ ಸಂಬಳ ಮರ್ಯಾದೆಯದ್ದಾಗಿರಬೇಕು.

ಚಾಲಕನಿಗೆ ಕಲಿಸಬೇಕಾದುದು ಹೆಚ್ಚೇನಿಲ್ಲ. ಹಾರ್ನ್ ಕಡಿಮೆ, ರೇಡಿಯೋ ಬಂದ್, ಸೀಟು ಬದಲಾಗಬಾರದು. ಮಗು ಚೀರಿದರೆ ಗದರಿಸದೆ ವಾಹನ ನಿಲ್ಲಿಸಬೇಕು. ಮಾತು ಬಾರದ ಮಗುವಿನ ಜೇಬಿನಲ್ಲಿ ಮನೆಯವರ ಫೋನ್ ಸಂಖ್ಯೆ ಇರಬೇಕು. ತಾನು ರಜೆ ಹಾಕುವ ದಿನವನ್ನು ಹಿಂದಿನ ಸಂಜೆಯೇ ಮನೆಗೆ ತಿಳಿಸಬೇಕು. ಬದಲಿ ಚಾಲಕನ ಮುಖವನ್ನು ಮಗುವಿಗೆ ಮೊದಲೇ ಪರಿಚಯಿಸಬೇಕು. ಶಾಲೆ ಆರಂಭವಾಗುವುದಕ್ಕೆ ಒಂದು ವಾರ ಮುನ್ನ, ಮಗುವನ್ನೂ ತಾಯಿಯನ್ನೂ ಕೂರಿಸಿಕೊಂಡು ಅದೇ ಸಮಯಕ್ಕೆ, ಅದೇ ದಾರಿಯಲ್ಲಿ ಶಾಲೆಯ ಗೇಟಿನವರೆಗೆ ದಿನವೂ ಹೋಗಿ ಬರಬೇಕು. ಆ ಒಂದು ವಾರದ ಇಂಧನದ ಖರ್ಚನ್ನು ವಹಿಸಿಕೊಳ್ಳುವವರು ಸಭೆಯ ನಂತರ ತಮ್ಮ ಹೆಸರು ಬರೆಸಬೇಕೆಂದು ಕೋರುತ್ತೇನೆ.