ಟೀವಿಯೊಳಗಿನ ನಗು ಯಾರ ಮೇಲೆ?

(ಧಾರವಾಡದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಕೇಳಿ ಕೆಲವರು ನಕ್ಕರು. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ಮೆಸ್ಸಿನ ಅನ್ನದಾಗ ಹಳ್ಳು ತಪ್ಪಿಲ್ಲ, ಇಂಥಾದ್ರಾಗ ಟೀವಿ ಕಾಮಿಡಿ ಬಗ್ಗೆ ಏನು ಭಾಷಣ ಹಚ್ಚೀಯೋ ಮಾರಾಯಾ ಅಂದ್ರು. ಅನ್ನಲಿ. ನಾನು ಕೇಳುವುದು ಇಷ್ಟೇ. ನಮ್ಮ ಕರಪತ್ರ ಓದದ ಮನೆಗಳು ಈ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಟೀವಿ ಇಲ್ಲದ ಮನೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ನಮ್ಮನ್ನು ಎಂದೂ ಹೊಸ್ತಿಲು ದಾಟಗೊಡದ ಮನೆಯ ಪಡಸಾಲೆಗೆ ದಿನಾ ರಾತ್ರಿ ಒಬ್ಬ ನಟ ನಮ್ಮ ವೇಷ ಹಾಕ್ಕೊಂಡು ಹೋಗತಾನ. ಅಲ್ಲಿ ಅಂವ ಏನು ಮಾತಾಡತಾನ, ಆ ಮನಿ ಮಂದಿ ಯಾಕ ನಗತಾರ ಅನ್ನೂದು ನಮ್ಮ ಪ್ರಶ್ನೆ ಹೌದೋ ಅಲ್ಲೋ?

ನಮ್ಮಂಥವರನ್ನು ನೋಡಿ ನಗುವುದು ಟೀವಿಯ ಜೊತೆ ಹುಟ್ಟಿದ್ದಲ್ಲ. ಕರಾವಳಿಯಲ್ಲಿ ಕೊರಗ ಆದಿವಾಸಿಗಳನ್ನು ಕಂಬಳಕ್ಕೆ ಮುಂಚೆ ಕೋಣಗಳ ಹಾಗೆ ಓಡಿಸುತ್ತಿದ್ದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಅಜಲು ಅಂತ ಅದಕ್ಕೆ ಹೆಸರು. ಓಡುವವನಿಗೆ ಉಸಿರು ಹೋಗುತ್ತಿತ್ತು, ದಂಡೆಯ ಮೇಲೆ ನಿಂತವರಿಗೆ ಅದು ತಮಾಷೆ. ಇದನ್ನು ನಿಷೇಧಿಸಿ ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 2000ನೇ ಇಸವಿಯಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಆದಮೇಲೆ ಸರ್ಕಾರಕ್ಕೆ ಇದು ನಗುವ ವಿಷಯವಲ್ಲ ಅಂತ ತಿಳಿಯಿತು.

ಅದೇ ನಮ್ಮವನೊಬ್ಬ ಚಟಾಕಿ ಹಾರಿಸಿದರೆ ಏನಾಗುತ್ತದೆ? 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದರು. ಒಂದೇ ಒಂದು ಶಬ್ದ, ದನ ತಿನ್ನುವ ಬೂಸಾ. ಊರಿಗೆ ಬೆಂಕಿ ಬಿದ್ದ ಹಾಗಾಯಿತು. ಹಾಸ್ಟೆಲಿನ ನಮ್ಮ ಹುಡುಗರಿಗೆ ಹೊಡೆದರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟು ತಿಂದವರ ಸಿಟ್ಟಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು ಅನ್ನುವುದು ನಿಮಗೆ ಗೊತ್ತಿರುವ ಚರಿತ್ರೆ. ಹೆಚ್ಚುಕಮ್ಮಿ 50 ವರ್ಷ ಬಿಟ್ಟು, 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾಲೇಜು ಹಬ್ಬದ ಸ್ಪರ್ಧೆಗೆ ಒಂದು ಸ್ಕಿಟ್ ಆಡಿದರು. ಬಾಬಾಸಾಹೇಬರ ಹೆಸರನ್ನೇ ತಿರುಚಿ, ಮುಟ್ಟು-ಮುಟ್ಟಬೇಡ ಅನ್ನುವುದನ್ನೂ ಮೀಸಲಾತಿಯನ್ನೂ ಆಡಿಕೊಂಡು ನಗಿಸಿದರು. ಕೇಸಾಯಿತು, ಅರೆಸ್ಟಾಯಿತು, ಆಮೇಲೆ ಹೈಕೋರ್ಟು ಅದು ವಿಡಂಬನೆ ಎಂದು ಪ್ರಕರಣ ರದ್ದು ಮಾಡಿತು.

ಇದರಲ್ಲಿ ನನ್ನ ತಕರಾರು ಕೋರ್ಟಿನ ಮೇಲಲ್ಲ. ಜೋಕಿಗೆ ಜೈಲು ಅನ್ನುವ ಪದ್ಧತಿ ಬಂದರೆ ಮೊದಲು ಒಳಗೆ ಹೋಗುವವರು ನಾವೇ. ನನ್ನ ತಕರಾರು ಆ ಸಭಾಂಗಣದ ನಗುವಿನ ಮೇಲೆ. ಆ ಸ್ಕಿಟ್ ಬರೆದ ಹುಡುಗರಿಗೆ ಒಂದು ಭರವಸೆ ಇತ್ತು: ಇದಕ್ಕೆ ಮಂದಿ ನಗುತ್ತಾರೆ. ಆ ಭರವಸೆ ಅವರಿಗೆ ಎಲ್ಲಿಂದ ಬಂತು?

ಮನೆಯಲ್ಲಿ ದಿನಾ ನೋಡುವ ಟೀವಿಯಿಂದಲೂ ಬಂದಿದೆ. ಈಟೀವಿ ಕನ್ನಡ ಶುರುವಾದದ್ದು 2000ದಲ್ಲಿ. ಆ ಚಾನೆಲಿನ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ನೋಡುತ್ತ ಒಂದು ತಲೆಮಾರು ಬೆಳೆಯಿತು. ನಾವೂ ನಕ್ಕೇವಿ, ಸುಳ್ಳ್ಯಾಕ ಹೇಳಲಿ. ಸಿಲ್ಲಿ ಲಲ್ಲಿಯ ಸಮಾಜಸೇವಕಿ ಲಲಿತಾಂಬ ನನಗೆ ಈಗಲೂ ಇಷ್ಟ. ಸಮಾಜಸೇವೆ ಅನ್ನುವ ಹೆಸರಿನಲ್ಲಿ ನಡೆಯುವ ಸೋಗನ್ನು ಅಷ್ಟು ಚೆನ್ನಾಗಿ ಯಾವ ಸಂಪಾದಕೀಯವೂ ಬಯಲಿಗೆಳೆದಿಲ್ಲ. ಆದರೆ ಆ ಮನೆ ಯಾರದು? ಬೆಂಗಳೂರಿನ ಬಡಾವಣೆಯ ಮನೆ. ಅಲ್ಲಿ ಜಾತಿಯ ಹೆಸರೇ ಬರುವುದಿಲ್ಲ. ಜಾತಿ ಇಲ್ಲ ಅಂತಲ್ಲ, ಇದ್ದದ್ದು ಒಂದೇ ಬಗೆಯದಾದ್ದರಿಂದ ಹೇಳುವ ಗರಜೇ ಬಿದ್ದಿಲ್ಲ.

2016ರಲ್ಲಿ ಜೀ ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಬಂತು. ಇದನ್ನು ನಾನು ಹಗುರಾಗಿ ಮಾತಾಡುವುದಿಲ್ಲ. ಸಿನೆಮಾ ಮನೆತನದ ಬಲವಿಲ್ಲದ, ಊರೂರಿನ ಹುಡುಗರು ಬಂದರು. ಮೊದಲ ಸಲ ಗೆದ್ದದ್ದು ಶಿವರಾಜ್ ಕೆ.ಆರ್. ಪೇಟೆ. ನಮ್ಮ ಕಡೆಯ ನಾಟಕಗಳಲ್ಲಿ ಪಳಗಿದ ಬೆಳಗಾವಿ ಜಿಲ್ಲೆಯ ಸಂಜು ಬಸಯ್ಯ ಮನೆಮನೆಗೂ ಗೊತ್ತಾದ. ಇದು ಸಣ್ಣ ಮಾತಲ್ಲ. ಆದರೆ ಇಂಥ ಕಾರ್ಯಕ್ರಮಗಳಲ್ಲಿ ನಗಿಸುವ ಸರಕು ಯಾವುದು ನೋಡ್ರಿ: ಮೈಬಣ್ಣ ಕಪ್ಪು, ಎತ್ತರ ಕಮ್ಮಿ, ಹೊಟ್ಟೆ ದಪ್ಪ, ಗಂಡಸು ಸೀರೆ ಉಟ್ಟ. ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಕೊಟ್ಟ ದೇಶ ಇದು. ಟೀವಿಯೊಳಗ ಇನ್ನೂ ಸೀರಿ ಉಟ್ಟ ಗಂಡಸಂದ್ರ ಬರೇ ಕಿಸಕ್ ಅನ್ನೂದಕ್ಕ.

ಮಾತಿನದೂ ಇದೇ ಕಥೆ. ಬೇಂದ್ರೆಯವರಿಗೆ ಜ್ಞಾನಪೀಠ ಬಂದದ್ದು 1973ನೇ ಸಾಲಿನದು, ಬೂಸಾ ಗಲಾಟೆಯ ವರ್ಷವೇ. ಅವರು ಬರೆದ ಧಾರವಾಡದ ಮಾತು ದೇಶದ ಪ್ರಶಸ್ತಿ ಪಡೆಯಿತು. ಬೆಂಗಳೂರಿನ ಸೀರಿಯಲ್ಲಿಗೆ ಹೋದಾಗ ಮಾತ್ರ ಅದೇ ಮಾತು ವಾಚಮನ್ನನ ಬಾಯಾಗ, ಪ್ಯಾಟಿಗೆ ಬಂದ ದಡ್ಡನ ಬಾಯಾಗ. ಅದಕ್ಕೆ ಇಲ್ಲಿಯ ದೊಡ್ಡ ಮನೆತನದವರಿಗೂ ಸಿಟ್ಟಿದೆ, ಇರಲಿ. ಆದರೆ ಅವರಿಗೂ ನಾನು ಒಂದು ಮಾತು ಕೇಳಬೇಕು. ನಮ್ಮ ಕೇರಿಯ ಹುಡುಗ ಕ್ಲಾಸಿನಲ್ಲಿ ಬಾಯಿ ತೆರೆದಾಗ, ಬೆಂಗಳೂರಿನವರು ನಿಮಗ ನಕ್ಕಂಗ ನೀವು ಅವಗ ನಗೋದಿಲ್ಲೇನು?

ಈಗ ಒಂದು ಮನೆಯ ಮಾತು. ನಮ್ಮವ್ವ ನಾಲ್ಕು ಮನಿ ಭಾಂಡೆ ತಿಕ್ಕಿ ಬಂದು ಸಂಜೀಕ ಟೀವಿ ಮುಂದ ಕುಂದರತಾಳ. ಕಾಮಿಡಿಯೊಳಗ ಕೆಲಸದಾಕಿ ಬಂದ್ಲಂದ್ರ ಎಲ್ಲಾರಕಿಂತ ಮೊದಲ ನಗಾಕಿ ಅಕಿನ. ನನಗೆ ಕಸಿವಿಸಿ. ಯಾಕ ನಗತಿ ಬೇ, ನಿನ್ನನ್ನ ಆಡಿಕೊಳ್ಳಾಕ ಹತ್ಯಾರ ಅಂದೆ. ಅವ್ವ ಅಂದ್ಲು: "ಆಡಿಕೊಳ್ಳವಲ್ರಾಕ. ಯಜಮಾನಿಗೆ ಹೆಂಗ ಎದುರು ಮಾತಾಡಿದ್ಲು ನೋಡು. ನಾ ಹಂಗ ಒಂದ ಮಾತ ಆಡಿದ್ರ ನಾಳೆ ಕೆಲಸ ಇರತೈತೇನು?" ಅಂದರೆ ಬರೆದವನು ಯಾರಿಗಾಗಿ ಬರೆದನೋ, ಅವ್ವ ಬೇರೆಯೇ ಜಾಗದಲ್ಲಿ ನಿಂತು ನಕ್ಕಳು. ಆಕೆ ಸುಲಿದುಕೊಂಡ ಆ ಚೂರು ಬಿಡುಗಡೆಯನ್ನು ನಮ್ಮ ಪ್ರಗತಿಪರ ವಿಮರ್ಶೆ ಕಸಿದುಕೊಳ್ಳಬಾರದು.

ಒಂದೇ ಕಾಮಿಡಿಗೆ ಎರಡು ಮನೆಯಲ್ಲಿ ಎರಡು ನಗು. ಇದು ಅಮೆರಿಕದಲ್ಲಿ ಬಹಳ ದೊಡ್ಡದಾಗಿ ಆಗಿಹೋಗಿದೆ. ನಾರ್ಮನ್ ಲಿಯರ್ ಎಂಬಾತ 1971ರಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಟೀವಿ ಕಾಮಿಡಿ ಶುರು ಮಾಡಿದ. 1979ರವರೆಗೂ ನಡೆಯಿತು. ಅದರ ಯಜಮಾನ ಆರ್ಚಿ ಬಂಕರ್ ಬಿಳಿಯ, ಕೂಲಿಕಾರರ ಮೇಸ್ತ್ರಿ. ಕರಿಯರನ್ನು, ಯಹೂದಿಗಳನ್ನು ಬಾಯಿಗೆ ಬಂದಂತೆ ಬೈಯುವವನು. ಅವನ ಪೂರ್ವಗ್ರಹ ನೋಡಿ ಮಂದಿ ನಗಲಿ, ನಕ್ಕು ತಮ್ಮದನ್ನು ಬಿಡಲಿ ಎಂಬುದು ಲಿಯರನ ಆಸೆ. ಸತತ ಐದು ವರ್ಷ ಆ ದೇಶದಲ್ಲಿ ಅದೇ ನಂಬರ್ ಒಂದು. ಆದರೆ 1974ರಲ್ಲಿ ವಿಡ್‌ಮಾರ್ ಮತ್ತು ರೊಕೀಚ್ ಎಂಬ ಸಂಶೋಧಕರು ನೋಡುಗರನ್ನು ವಿಚಾರಿಸಿದಾಗ ಕಂಡದ್ದು ಬೇರೆ. ಯಾರಲ್ಲಿ ದ್ವೇಷ ಹೆಚ್ಚಿತ್ತೋ ಅವರಿಗೆ ಆರ್ಚಿಯೇ ಮೆಚ್ಚು. ಅಂವ ಹೇಳೂದು ಖರೇನ ಐತಿ ಅಂತ ಅವರು ನಕ್ಕಿದ್ದರು.

ಯಾಕೆ ಹೀಗಾಯಿತು? ನನಗೆ ತೋಚುವುದು ಇದು: ಒಳ್ಳೊಳ್ಳೆ ಡೈಲಾಗೆಲ್ಲ ಆರ್ಚಿಯ ಬಾಯಲ್ಲಿದ್ದವು. ಬೈಸಿಕೊಂಡವರು ಅವನ ಮಾತಿಗೆ ನಿಮಿತ್ತ, ಅಷ್ಟೆ.

ಇದೇ ಲಿಯರನ ಬಳಗದಿಂದ 1974ರಲ್ಲಿ 'ಗುಡ್ ಟೈಮ್ಸ್' ಬಂತು, ಶಿಕಾಗೋದ ಬಡ ಕರಿಯ ಕುಟುಂಬದ್ದು. ಬ್ಲ್ಯಾಕ್ ಪ್ಯಾಂಥರುಗಳು ತನ್ನ ಆಫೀಸಿಗೇ ನುಗ್ಗಿ, ಟೀವಿಯಲ್ಲಿ ಕರಿಯರೆಂದರೆ ಬಡವರಷ್ಟೇ ಏಕೆ ಎಂದು ತರಾಟೆಗೆ ತೆಗೆದುಕೊಂಡರು ಅಂತ ಲಿಯರ್ ತಾನೇ ಹೇಳಿಕೊಂಡಿದ್ದಾನೆ. 1975ರಲ್ಲಿ ಅಂಗಡಿ ಮಾಲೀಕನಾದ ಕರಿಯನ ಕಥೆ 'ದ ಜೆಫರ್‌ಸನ್ಸ್' ಬಂತು. ಈ ಪ್ಯಾಂಥರುಗಳ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಇಟ್ಟುಕೊಂಡದ್ದು. ಕಾಮಿಡಿ ಸಣ್ಣ ವಿಷಯ ಅಂತ ಆ ಪ್ಯಾಂಥರುಗಳಿಗೆ ಅನ್ನಿಸಲಿಲ್ಲ ನೋಡ್ರಿ.

ನಮ್ಮಲ್ಲಿ ಟೀವಿಯ ಬಲ ಕಂಡದ್ದು 2020ರಲ್ಲಿ. ಬಾಬಾಸಾಹೇಬರ ಜೀವನದ ಹಿಂದಿ ಧಾರಾವಾಹಿ 'ಮಹಾನಾಯಕ' ಎಂದು ಡಬ್ಬಾಗಿ ಜುಲೈನಲ್ಲಿ ಜೀ ಕನ್ನಡಕ್ಕೆ ಬಂತು. ಕೇರಿ ಕೇರಿಯಲ್ಲಿ ಬ್ಯಾನರ್ ಕಟ್ಟಿದರು. ಚಾನೆಲಿನ ಮುಖ್ಯಸ್ಥರಿಗೆ ಬೆದರಿಕೆ ಕರೆಗಳೂ ಬಂದವು. ಬೆದರಿಕೆ ಬಂತೆಂದರೆ ಎಲ್ಲೋ ತಾಗಿದೆ ಅಂತ ಅರ್ಥ. ಆದರೂ ಮಹಾನಾಯಕ ನೋಡಿ ಅತ್ತವರು ಹೆಚ್ಚಾಗಿ ನಾವೇ. ಬೇಡವಾದವರು ಚಾನೆಲ್ ತಿರುಗಿಸಿದರು. ನಗು ಅಂದ್ರ ಹಂಗಲ್ಲ, ರಿಮೋಟ್ ಹಿಡಿದ ಕೈಯನ್ನ ಒಂದು ಚಣ ತಡೀತೈತಿ.

ಹಾಗಾದರೆ ನಗಿಸುವ ಮಾತು ನಮ್ಮ ಬಾಯಿಗೆ ಬರಬೇಕು. ಅದು ನಮ್ಮಲ್ಲಿ ಇಲ್ಲವೇ? ದೇವನೂರ ಮಹಾದೇವರ 'ಒಡಲಾಳ' ಓದಿ. ಕಳೆದ ಹುಂಜ ಹುಡುಕುವ ಸಾಕವ್ವ, ರಾತ್ರಿಯೆಲ್ಲ ಕದ್ದ ಕಡಲೇಕಾಯಿ ತಿನ್ನುವ ಮನೆಮಂದಿ, ಬೆಳಿಗ್ಗೆ ಬಂದ ಪೊಲೀಸರು. ಹಸಿವಿನ ನಡುವೆ ಎಷ್ಟು ನಗು! ಅಲ್ಲಿ ಯಾರೂ ನಮಗೆ ನಗುವುದಿಲ್ಲ, ನಾವು ನಗುತ್ತೇವೆ.

ನಾನೊಂದು ದೃಶ್ಯ ಯೋಚಿಸಿಟ್ಟಿದ್ದೇನೆ. ನಿಮಗೆಲ್ಲ ಆದದ್ದೇ: ಹಾಸ್ಟೆಲ್ ಮುಗಿದ ಮೇಲೆ ಬಾಡಿಗೆ ರೂಮು ಹುಡುಕುವುದು. ಮಾಲೀಕನಿಗೆ ಜಾತಿ ಬೇಕು, ಆದರೆ ಜಾತಿ ಕೇಳಿದೆ ಅನ್ನಿಸಿಕೊಳ್ಳಬಾರದು.

"ಅಡ್ಡಹೆಸರೇನು ತಮ್ಮಾ?"
"ಹೊಸಮನಿ ರೀ."
(ಹೊಸಮನಿ ಎಲ್ಲಾ ಜಾತ್ಯಾಗೂ ಅದಾರ. ಮಾಲೀಕ ತಲಿ ಕೆರಕೊಂಡ.)
"ಅಂದ್ರ, ಯಾವ ಹೊಸಮನಿ?"
"ಹಳೇದು ಬಿದ್ದಮ್ಯಾಲ ಕಟ್ಟಿದ್ದು ರೀ."
"ಅಲ್ಲೋ, ಮನಿದೇವರು ಯಾರು?"
"ಸವದತ್ತಿ ಎಲ್ಲಮ್ಮ ರೀ."
"ಅಕಿ ನಮ್ಮ ಮನಿದೇವರೂ ಹೌದು..."
"ಹಂಗಾರ ನೀವು ಯಾವ ಪೈಕಿ ರೀ, ಕಾಕಾ?"

ಇಲ್ಲಿ ಮಾಲೀಕನ ಪಕ್ಷ ವಹಿಸಿ ನಗಲು ಯಾರಿಗೂ ಜಾಗವಿಲ್ಲ. ಅವನಿಗೆ ಒಂದೂ ಒಳ್ಳೆ ಡೈಲಾಗ್ ಕೊಟ್ಟಿಲ್ಲ, ಬೇಕೆಂದೇ ಕೊಟ್ಟಿಲ್ಲ. ಅವನನ್ನು ಬೈದೂ ಇಲ್ಲ. ಆಡಿಟೋರಿಯಮ್ಮಿನ ಮುಂದಿನ ಸಾಲಿನಲ್ಲಿ ನಿಜವಾದ ಮನೆ ಮಾಲೀಕರು ಕೂತಿರುತ್ತಾರೆ, ಅವರೂ ನಗಲೇಬೇಕು. ಮರುದಿನ ಯಾರಿಗಾದರೂ ಅಡ್ಡಹೆಸರು ಕೇಳಲು ಬಾಯಿ ತೆರೆದಾಗ ಈ ಹುಡುಗನ ನೆನಪಾಗಿ ನಾಲಗೆ ತಡವರಿಸಿದರೆ ಸಾಕು.

ಇದು ಇನ್ನೂ ಅರ್ಧ ಆಗಿದೆ. ಕಾಲೇಜಿನ ಗ್ಯಾದರಿಂಗಿಗೆ ಹದಿನೈದು ನಿಮಿಷದ್ದು ಮಾಡಬೇಕು. ಚೆನ್ನಾಗಿ ಬಂದರೆ ಫೋನಿನಲ್ಲಿ ತೆಗೆದು ಮಂದಿಗೆ ತೋರಿಸೋಣ, ಟೀವಿಯವರ ಆಡಿಷನ್ನಿಗೂ ಒಯ್ಯೋಣ. ಶನಿವಾರ ಊಟ ಆದಮ್ಯಾಲ ಮೆಸ್ಸಿನಾಗ ಕೂಡೂಣು. ಪೆನ್ನು ಕಾಗದ ತರ್ರಿ, ನಿಮಗ ಮಾಲೀಕರು ಏನೇನು ಕೇಳಿದ್ರು ಎಲ್ಲಾ ಬರಕೊಂಡ ಬರ್ರಿ. ಮಾಲೀಕನ ಪಾತ್ರಕ್ಕ ದನಿ ದೊಡ್ಡದಿದ್ದವರು ಬೇಕು. ಅವನ ಹೆಂಡತಿ ಪಾತ್ರಕ್ಕ ಹೆಣ್ಣುಮಕ್ಕಳ ಹಾಸ್ಟೆಲಿನಿಂದಲೇ ಯಾರಾದರೂ ಬರ್ರಿ, ಗಂಡಸಿಗೆ ಸೀರಿ ಉಡಸೂದು ಬ್ಯಾಡ.