ಅನುಕಂಪೆ ಮತ್ತು ವಿಶ್ವಾಸ



ಇಂದು ಸಂಜೆ ಪೂಜೆಗೆ ಮೊದಲು ನಮ್ಮ ಭಾಗದ ತರುಣರು ಎರಡು ಗುಂಪಾಗಿ ಮಠಕ್ಕೆ ಬಂದಿದ್ದರು. ಜಾತ್ರೆಯಲ್ಲಿ ಕುರಿ ಕೋಣಗಳ ಬಲಿ ನಿಲ್ಲಬೇಕೆಂದು ಮೂರು ವರ್ಷ ಒಟ್ಟಿಗೆ ಓಡಾಡಿದವರು ಇವರೇ. ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪತ್ರಿಕೆಯಲ್ಲಿ ಫೋಟೊ ಬರಲೆಂದು ಅವರು ಮಾಡುತ್ತಾರೆ ಎಂದು ಇವರ ದೂರು. ಪಂಚಾಯಿತಿ ಚುನಾವಣೆಯ ಮೇಲೆ ಇವರ ಕಣ್ಣು ಎಂದು ಅವರ ದೂರು. 'ಯಾರ ಮನಸ್ಸು ಶುದ್ಧ, ಅಜ್ಜಾರೇ ಹೇಳಬೇಕು' ಎಂದರು. ಒಳಗೆ ಕುಳಿತು ಹೇಳುವ ಮಾತಲ್ಲ ಇದು, ಸಭೆಯಲ್ಲಿಯೇ ಹೇಳುತ್ತೇವೆ ಎಂದೆವು.

ಸಂಸ್ಕೃತದಲ್ಲಿ ದಯೆಗೆ ಅನುಕಂಪೆ ಎಂಬ ಹೆಸರುಂಟು. ಕಂಪ ಎಂದರೆ ನಡುಕ. ಅನು ಎಂದರೆ ಹಿಂಬಾಲಿಸಿ, ಜೊತೆಗೂಡಿ. ಅರಿಸಿನ ಹಚ್ಚಿ, ಬೇವಿನ ಸೊಪ್ಪು ಕಟ್ಟಿ ನಿಲ್ಲಿಸಿದ ಕುರಿಯ ಮೈ ನಡುಗುವಾಗ ನೋಡಿದವನ ಒಳಗೂ ಏನೋ ನಡುಗಿದರೆ ಅದು ಅನುಕಂಪೆ. ಆ ನಡುಕ ಎಷ್ಟು ಹೊತ್ತು ಶುದ್ಧವಾಗಿ ನಿಲ್ಲುತ್ತದೆ? ಬಹುಶಃ ಮೊದಲನೆಯ ಹಾರ ಕೊರಳಿಗೆ ಬೀಳುವವರೆಗೆ. ಇದನ್ನು ಗ್ರಂಥ ನೋಡಿ ಹೇಳುತ್ತಿಲ್ಲ, ನಮ್ಮ ಅನುಭವದಿಂದಲೇ ಹೇಳುತ್ತಿದ್ದೇವೆ. ಆದುದರಿಂದ ಇನ್ನೊಬ್ಬರ ಅಂತರಂಗವನ್ನು ತೂಗುವ ತಕ್ಕಡಿ ನಮ್ಮಲ್ಲಿಯೂ ಇಲ್ಲ, ನಿಮ್ಮಲ್ಲಿಯೂ ಇಲ್ಲ.

ಈ ತಕ್ಕಡಿ ಹಿಡಿದವರು ಹಿಂದೆಯೂ ಇದ್ದರು. 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿಹಿಂಸೆಯನ್ನು ತಡೆಯಲು ಒಂದು ಸಂಘ ಹುಟ್ಟಿತು. ಅದನ್ನು ಕಟ್ಟಿದ ಆರ್ಥರ್ ಬ್ರೂಮ್ ಎಂಬ ಪಾದ್ರಿ ಸಂಘದ ಸಾಲಕ್ಕಾಗಿ ಸೆರೆಮನೆ ಕಂಡರು. ಆಗ ಲೂಯಿಸ್ ಗಾಂಪರ್ಟ್ಜ್ ಎಂಬ ಗೃಹಸ್ಥರು ಹೊಣೆ ಹೊತ್ತು ಸಂಘವನ್ನು ಉಳಿಸಿದರು. ಮಾಂಸ ಹಾಗಿರಲಿ, ಹಾಲನ್ನೂ ಬಿಟ್ಟವರು ಅವರು (ತಾಯಂದಿರು ನಗುತ್ತಿದ್ದೀರಿ, ನಮಗೂ ಅದು ಕಠಿಣವೇ!). ಕುದುರೆಗೆ ಕಷ್ಟವೆಂದು ಸಾರೋಟು ಕೂಡ ಹತ್ತುತ್ತಿರಲಿಲ್ಲ. ಆದರೆ ಅವರು ಯೆಹೂದ್ಯರು. ಸಂಘವು ಕ್ರೈಸ್ತ ತತ್ತ್ವದ ಮೇಲೆಯೇ ನಡೆಯತಕ್ಕದ್ದೆಂದು ಉಳಿದವರು ಠರಾವು ಮಾಡಿದರು. 1833ರ ಹೊತ್ತಿಗೆ ಗಾಂಪರ್ಟ್ಜ್ ಹೊರಗೆ ಬಂದು ಬೇರೆ ಸಂಘ ಕಟ್ಟಬೇಕಾಯಿತು. ಪೆಟ್ಟು ತಿನ್ನುವ ಕತ್ತೆಗೆ, ಬಿಡಿಸಲು ಬಂದವನ ಕುಲ ಬೇಕಾಗಿತ್ತೇ? ಕುಲ ಕೇಳದ ಬಸವಣ್ಣನವರ ಮಕ್ಕಳು ನಾವು. ಕುಲ ಬಿಟ್ಟು ಈಗ ಮನಸ್ಸಿನ ಜಾತಕ ಕೇಳಲು ಹೊರಟಿದ್ದೇವೆ, ಅಷ್ಟೇ ವ್ಯತ್ಯಾಸ.

ನಮ್ಮ ದೇಶದಲ್ಲಿ ಇನ್ನೊಂದು ಬಗೆಯೂ ನಡೆಯಿತು. ಭರತನಾಟ್ಯದಿಂದ ಪ್ರಸಿದ್ಧರಾದ ರುಕ್ಮಿಣೀದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ತಾವೇ ಒಂದು ಮಸೂದೆ ತಂದರು. ಸರ್ಕಾರವೇ ಶಾಸನ ತರುವುದೆಂದು ಪ್ರಧಾನಿ ನೆಹರೂ ಅವರು ಮಾತು ಕೊಟ್ಟಾಗ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡರು. ಶಾಸನವಾದದ್ದು 1960ರಲ್ಲಿ. ನಡುವಿನ ಅಷ್ಟು ವರ್ಷ ಆ ತಾಯಿ ಇನ್ನೊಬ್ಬರ ಮಾತಿನ ಮೇಲೆ ಭಾರ ಹಾಕಿ ಕಾದರು. ತಮ್ಮ ಹೆಸರಿನ ಮಸೂದೆಯೇ ಗೆಲ್ಲಬೇಕೆಂಬ ಹಟವಿದ್ದರೆ ಅದು ಆಗುತ್ತಿತ್ತೇ?

ಇನ್ನು ನಮ್ಮ ಕಥೆ. ಪೀಠಕ್ಕೆ ಬಂದ ಹೊಸತು. ದೇವಸ್ಥಾನದಲ್ಲಾಗಲಿ ಅದರ ಆವರಣದಲ್ಲಾಗಲಿ ಬಲಿ ಕೂಡದೆಂಬ 1959ರ ಕಾಯಿದೆ ನಮ್ಮ ರಾಜ್ಯದಲ್ಲಿ ಇದೆಯಷ್ಟೆ. ಅದನ್ನು ಕೈಯಲ್ಲಿ ಹಿಡಿದು, ಪೊಲೀಸರ ಜೀಪಿನ ಹಿಂದೆ ಒಂದು ಊರಿನ ಜಾತ್ರೆಗೆ ಹೋದೆವು. ಗುಡಿಯ ಮುಂದೆ ಒಂದು ಹನಿ ರಕ್ತ ಬೀಳಲಿಲ್ಲ. ಹಾರ ಹಾಕಿಸಿಕೊಂಡು ಬಂದೆವು. ಆ ರಾತ್ರಿ ಹೊಲಗಳಲ್ಲಿ, ಎಂದೂ ಕಡಿಯದವರು ಕೂಡ ಹಟಕ್ಕೆ ಬಿದ್ದು ಕಡಿದರೆಂದು ಆಮೇಲೆ ತಿಳಿಯಿತು. ಮರುವರ್ಷ ಹೋದಾಗ ಒಬ್ಬ ಮುದುಕ ಕೈಮುಗಿದೇ ಕೇಳಿದ: 'ಅಜ್ಜಾರ, ನೀವು ಬಂದ್ರಿ, ಪೊಲೀಸರನ್ನೂ ಕರಕೊಂಡು ಬಂದ್ರಿ. ಬರೂ ಮುಂದ ನಮ್ಮನ್ನ ಒಂದ ಮಾತು ಕೇಳಿದ್ರೇನ್ರಿ? ನಿಮ್ಮ ಮಠದ ಕಬ್ಬಿನ ಗಾಡಿ ಎತ್ತಿನ ಹೆಗಲು ನೋಡೀರೇನ್ರಿ?'

ಉತ್ತರವಿರಲಿಲ್ಲ. ಹಿಂದಿರುಗಿ ಕೊಟ್ಟಿಗೆಗೆ ಹೋಗಿ ನೋಡಿದೆವು. ನೊಗದ ಜಾಗದಲ್ಲಿ ಹುಣ್ಣು. ಹೊಡೆಯುವ ಕೋಲಿನ ತುದಿಗೆ ಮೊಳೆ. ಭಾರ ಎಳೆಯುವ ಎತ್ತನ್ನು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, 37 ಡಿಗ್ರಿ ಮೀರುವ ಬಿಸಿಲಿನಲ್ಲಿ ನಡುಹಗಲು ಹನ್ನೆರಡರಿಂದ ಮೂರರವರೆಗೆ ಹೂಡಬಾರದು ಎಂದು 1965ರ ನಿಯಮಗಳಲ್ಲಿದೆ. ಊರವರಿಗೆ ಕಾಯಿದೆ ಓದಿ ಹೇಳಿದ ನಾವು ಇದನ್ನು ಓದಿರಲಿಲ್ಲ. ಹುಟ್ಟಿನಿಂದ ತಿನ್ನದವನಿಗೆ ಕುರಿಯ ಮೇಲೆ ದಯೆ ತೋರುವುದು ಸುಲಭ, ಅದರಿಂದ ಅವನಿಗೆ ನಷ್ಟವಿಲ್ಲ. ಎತ್ತಿನ ಮೇಲೆ ದಯೆ ತೋರಿದರೆ ಒಂದು ಖೇಪು ಕಡಿಮೆಯಾಗುತ್ತದೆ!

ಮೊಳೆಯನ್ನು ನಮ್ಮ ಕೈಯಿಂದಲೇ ಕಿತ್ತೆವು. ಮುಂದಿನ ವರ್ಷ ಜಾತ್ರೆಗೆ ಎಂಟು ದಿನ ಮೊದಲು, ಜೀಪಿಲ್ಲದೆ, ಆ ಮುದುಕನ ಕಟ್ಟೆಯ ಮೇಲೆ ಹೋಗಿ ಕುಳಿತೆವು. ವಿಶ್ವಾಸ ಎಂಬ ಪದದಲ್ಲಿ ಶ್ವಾಸವಿದೆ. ಎದುರಿಗಿದ್ದವನು ಹೆದರಿಕೆಯಿಲ್ಲದೆ ಉಸಿರಾಡುವಂತಾಗಬೇಕು. ಅದಕ್ಕೆ ಮೂರು ಜಾತ್ರೆ ಹಿಡಿಯಿತು. ನಾಲ್ಕನೆಯ ವರ್ಷ ಅವನು ತನ್ನ ಕುರಿಯನ್ನು ಬಿಟ್ಟ, ತೆಂಗಿನಕಾಯಿ ಒಡೆದ. ಊರೆಲ್ಲ ಬಿಟ್ಟಿತೆಂದು ಹೇಳಿದರೆ ಸುಳ್ಳಾದೀತು. ಕೆಲವು ಮನೆಗಳು ಇಂದಿಗೂ ಬಿಟ್ಟಿಲ್ಲ.

ತರುಣರೇ, ಜಾತ್ರೆ ಹತ್ತಿರ ಬಂತು. ಕಾಯಿದೆಯ ನೆರವು ಬೇಡವೆನ್ನುವುದಿಲ್ಲ. ಆದರೆ ಪೊಲೀಸರಿಗೆ ತಿಳಿಸುವುದಿದ್ದರೆ ಊರ ಹಿರಿಯರಿಗೂ ನಿಮ್ಮ ಇನ್ನೊಂದು ಗುಂಪಿಗೂ ಮೊದಲು ಹೇಳಿ, ಕದ್ದು ಮಾಡಬೇಡಿ. ಫೋಟೊದ ಆಸೆ ಇರುವವರೂ ಬರಲಿ, ಕುರಿಯ ತಕರಾರಿಲ್ಲ. ನಾಳೆ ಬೆಳಗಿನ ಪೂಜೆಗೆ ಮಾತ್ರ ಎರಡೂ ಗುಂಪಿನವರು ತಮ್ಮ ತಮ್ಮ ಮನೆಯ ಎತ್ತು ಹೊಡೆಯುವ ಕೋಲುಗಳನ್ನು ಹಿಡಿದುಕೊಂಡು ಮಠಕ್ಕೆ ಬನ್ನಿ.